ಹನ್ನೆರಡನೇ ಕೋಣೆಯ ರದ್ದಿ

"ಉಚ್ಚೆ ಹೊಯ್ಕೊಂಡೆ ಅಂತ ಬರಿ. 'ತೊಂದರೆಯಾಯಿತು' ಅಂದ್ರೆ ಯಾರಿಗೆ ಏನ್ ಅರ್ಥ ಆಗುತ್ತಮ್ಮ? ತೊಂದರೆ ನನಗೂ ಆಗುತ್ತೆ, ದಿನಾ ನಿಮ್ಮಂಥೋರ ಮುಖ ನೋಡಿ."

ಕುಬಾತ್ ತೆಮಿರೋವಿಚ್ ಫಾರಮ್ಮನ್ನು ಮತ್ತೆ ಊಲ್ಕಾನಳ ಮುಂದಕ್ಕೆ ತಳ್ಳಿದ. ವಿಶ್ವವಿದ್ಯಾಲಯದ ಹನ್ನೆರಡನೇ ಕೋಣೆಯ ಯಜಮಾನ ಅವನು. ಯಾರು ಯಾರನ್ನು ಹೊಡೆದರೂ, ಬೈದರೂ, ಮುಟ್ಟಬಾರದ ಕಡೆ ಮುಟ್ಟಿದರೂ ದೂರು ಬರುವುದು ಅವನ ಮೇಜಿಗೆ. ಬಾಗಿಲ ಮೇಲೆ ನೀಲಿ ಹಲಗೆಯಿತ್ತು: 'ಹೆದರದೆ ಹೇಳಿ. ನಿಮ್ಮ ಹೆಸರು ಈ ಕೋಣೆ ದಾಟುವುದಿಲ್ಲ.' ಮೂರು ವರ್ಷದಿಂದ ಆ ಹಲಗೆಯ ದೂಳು ಒರೆಸುತ್ತಿದ್ದವಳು ಊಲ್ಕಾನಳೇ. ಅದನ್ನು ನಂಬಿ ದೂರು ಹಿಡಿದು ಒಳಗೆ ಬಂದದ್ದು ಮಾತ್ರ ಇವತ್ತೇ ಮೊದಲು.

ಅವಳ ಬೆರಳುಗಳು ನೆಲ ತೊಳೆಯುವ ಸೋಡಾ ನೀರಿಗೆ ಬಿರಿದು ಹೋಗಿದ್ದವು. ನಾಲ್ಕು ಬೆರಳಿಗೆ ಔಷಧಿ ಅಂಗಡಿಯ ಅಂಟುಪಟ್ಟಿ ಸುತ್ತಿಕೊಂಡಿದ್ದಳು. ಆ ಬೆರಳಲ್ಲಿ ಪೆನ್ನು ಹಿಡಿದು ಬರೆದಳು. ಹೋದ ಮಂಗಳವಾರ ಹೊರದೇಶದ ಅತಿಥಿಗಳು ವಿಶ್ವವಿದ್ಯಾಲಯ ನೋಡಲು ಬಂದಿದ್ದರು. ನೆಲ ತೊಳೆಯುವವರು ಕಣ್ಣಿಗೆ ಬಿದ್ದರೆ ನೆಲ ಕೊಳಕಾಗಿತ್ತೆಂದು ಅವರಿಗೆ ಗೊತ್ತಾಗಿಬಿಡುತ್ತದಲ್ಲ! ಕಟ್ಟಡದ ಮೇಲ್ವಿಚಾರಕಿ ಸಾಲ್ಕಿನ್ ಊಲ್ಕಾನಳೂ ಸೇರಿ ನಾಲ್ಕು ಹೆಂಗಸರನ್ನು ಮೆಟ್ಟಿಲ ಕೆಳಗಿನ ಬಕೆಟ್ಟಿನ ಕೋಣೆಗೆ ದೂಡಿ ಬೀಗ ಹಾಕಿದಳು. ಬೆಳಗ್ಗೆ ಹತ್ತಕ್ಕೆ ಹಾಕಿದ ಬೀಗ ಸಂಜೆ ಐದಕ್ಕೆ ತೆಗೆದಳು. ಮರೆತೇಬಿಟ್ಟಿದ್ದಳಂತೆ. ಊಲ್ಕಾನಳಿಗೆ ಸಕ್ಕರೆ ಕಾಯಿಲೆ. ಎಷ್ಟು ಹೊತ್ತು ತಡೆಯುತ್ತಾಳೆ? ಬಾಗಿಲು ತೆಗೆದ ಸಾಲ್ಕಿನ್ ಮೂಗು ಮುಚ್ಚಿಕೊಂಡು, "ಥೂ! ಕುದುರೆನಾದ್ರೂ ಹೊರಗಡೆ ಹೋಗುತ್ತೆ. ತೊಳಿರೇ ಅದನ್ನ," ಅಂದಳು. ತೊಳೆದದ್ದೂ ಊಲ್ಕಾನಳೇ.

ಎಲ್ಲ ಬರೆದಳು. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.

"ಇದ್ ಬ್ಯಾಡ ಸಾರ್. 'ಇಲ್ಲಿ ಓದುತ್ತಿರುವ ಸಂಬಂಧಿಕರು' ಅಂತೈತೆ. ಇದೊಂದ್ ಬಿಟ್ಬುಡ್ಲಾ?"

"ಒಂದು ಸಾಲು ಖಾಲಿ ಇದ್ರೂ ಕಂಪ್ಯೂಟರ್ ತಗೊಳ್ಳಲ್ಲ. ಯಾರಿದ್ದಾರೆ?"

"ಮಗಳು."

"ಹಂಗಾದ್ರೆ ಬರಿ. ನಾಚಿಕೆಪಡೋಕೆ ನೀನೇನ್ ಮದುಮಗಳಾ? ಈ ಗೋಡೆಗೆ ಕಿವಿ ಇಲ್ಲ, ನನಗೆ ಬಾಯಿ ಇಲ್ಲ."

ಊಲ್ಕಾನ್ ಬರೆದಳು. 'ಮಗಳು ಐಪೆರಿ. ಎರಡನೇ ವರ್ಷ. ವಿದೇಶಿ ಭಾಷೆಗಳು.' ತಾಯಿ ಮಾಸ್ಕೋದಲ್ಲಿ ಅಂಗಡಿ ಕೆಲಸದಲ್ಲಿದ್ದಾಳೆ, ತಾನು ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದು ಐಪೆರಿ ಗೆಳತಿಯರಿಗೆಲ್ಲ ಹೇಳಿದ್ದಳು. ಮೊದಲನೇ ವರ್ಷ ಸೇರಿದ ದಿನವೇ ತಾಯಿ ಮಗಳು ಕೂತು ಮಾಡಿಕೊಂಡ ಒಪ್ಪಂದ ಅದು. ಪಡಸಾಲೆಯಲ್ಲಿ ಎದುರಾದರೆ ಊಲ್ಕಾನ್ ತಲೆ ತಗ್ಗಿಸಿ ನೆಲ ಒರೆಸಬೇಕು, ಐಪೆರಿ ಒದ್ದೆ ನೆಲ ದಾಟಿಕೊಂಡು ಹೋಗಬೇಕು. ಸರಿ ಮಗಳೇ ಅಂದವಳು ತಾಯಿಯೇ. ಒಂದೂವರೆ ವರ್ಷ ಒಂದು ದಿನವೂ ತಪ್ಪಿರಲಿಲ್ಲ.

"ಹೋಗ್ತಾ ಆ ಮೂಟೆ ತಗೊಂಡು ಹೋಗು," ಅಂದ ಕುಬಾತ್, ಫಾರಮ್ಮನ್ನು ಮೇಜಿನ ಕಾಗದದ ರಾಶಿಯ ಮೇಲೆ ಒಗೆದು.

ಶುಕ್ರವಾರ ಶುಕ್ರವಾರ ಆ ಕೋಣೆಯ ರದ್ದಿ ಹೊರಗೆ ಹಾಕುವುದು ಊಲ್ಕಾನಳ ಕೆಲಸ. ಕಂಪ್ಯೂಟರಿಗೆ ಏರಿಸಿದ ಕಾಗದವೆಲ್ಲ ಮೂಟೆಗೆ ಬೀಳುತ್ತಿತ್ತು. ರದ್ದಿ ಕತ್ತರಿಸುವ ಯಂತ್ರವೊಂದು ಕೋಣೆಯ ಮೂಲೆಯಲ್ಲೇ ಇತ್ತು. ಯಾವುದೋ ವಿದೇಶಿ ಅನುದಾನದಲ್ಲಿ ಬಂದದ್ದು. ಬಂದ ದಿನ ಒಬ್ಬ ಬಂದು ಓಡಿಸಿ ತೋರಿಸಿದ್ದ. ಬೆಲೆಬಾಳುವ ವಸ್ತು, ಕೆಟ್ಟೀತು ಎಂದು ಮಾರನೇ ದಿನವೇ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಮೇಲೆ ಚಹಾ ಪಾತ್ರೆ ಇಟ್ಟರು. ಆ ಕಸೂತಿಯೂ ಊಲ್ಕಾನಳದೇ. ಮಹಿಳಾ ದಿನಕ್ಕೆ ಆಫೀಸಿಗೆ ಏನಾದರೂ ಹೊಲಿದುಕೊಡು ಅಂದಿದ್ದರು, ಕೊಟ್ಟಿದ್ದಳು.

ಮೂಟೆ ಹೋಗುತ್ತಿದ್ದದ್ದು ಗೇಟಿನ ಪಕ್ಕದ ಸಾಯ್ರಾಳ ಹತ್ತಿರ. ಬಿಷ್ಕೆಕ್ ನಗರದ ಯಾವ ಗೇಟಿನಲ್ಲಿ ನೋಡಿದರೂ ಹುರಿದ ಸೂರ್ಯಕಾಂತಿ ಬೀಜ ಮಾರುವ ಒಬ್ಬಳು ಕೂತಿರುತ್ತಾಳೆ. ಬೀಜಕ್ಕೆ ಪೊಟ್ಟಣ ಬೇಕು, ಪೊಟ್ಟಣಕ್ಕೆ ಕಾಗದ ಬೇಕು. ಮೂಟೆ ಕೊಟ್ಟರೆ ಸಾಯ್ರಾ ಎರಡು ಲೋಟ ಬೀಜ ಕೊಡುತ್ತಿದ್ದಳು. ಇಬ್ಬರೂ ಚಹಾ ಕುಡಿಯುತ್ತಾ ಸಿಪ್ಪೆ ಉಗಿಯುತ್ತಾ ಕೂರುತ್ತಿದ್ದರು. ಅದರಲ್ಲೇನು ತಪ್ಪು ಎಂದು ಊಲ್ಕಾನಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಮುಂದಿನ ಶುಕ್ರವಾರವೂ ಒಂದು ಮೂಟೆ ಹೋಯಿತು.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಊಲ್ಕಾನ್ ಸಾಯ್ರಾಳ ಪಕ್ಕದಲ್ಲಿ ಕೂತು ನಾನ್ ರೊಟ್ಟಿ ಮುರಿದು ಚಹಾದಲ್ಲಿ ಅದ್ದುತ್ತಿದ್ದಳು. ನಾಲ್ಕು ಮಾರು ದೂರದ ಕಟ್ಟೆಯ ಮೇಲೆ ಐಪೆರಿಯ ತರಗತಿಯ ಹುಡುಗ ಹುಡುಗಿಯರಿದ್ದರು. ಐಪೆರಿಯೂ ಇದ್ದಳು. ಬೆಕ್ತೂರ್ ಎಂಬ ಉದ್ದನೆಯ ಹುಡುಗ ಬೀಜವನ್ನೆಲ್ಲ ಜೇಬಿಗೆ ಸುರಿದುಕೊಂಡು ಪೊಟ್ಟಣ ಬಿಡಿಸಿದ. ಓದಿದ. ನಕ್ಕ.

"ಕೇಳ್ರೋ, ಕೇಳ್ರೋ! 'ಏಳು ಗಂಟೆ ತಡೆದೆನು. ಅನಂತರ ತಡೆಯಲಾಗದೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆನು.' ಅಯ್ಯಯ್ಯೋ! 'ನನ್ನ ಕಾಲಿನಿಂದ ಇಳಿದು ಬೇರೆಯವರ ಚಪ್ಪಲಿಗೂ ತಾಗಿತು.'"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಐಪೆರಿಯೂ ನಕ್ಕಳು. ಅವಳಿಗೇನು ಗೊತ್ತು?

ಊಲ್ಕಾನಳ ಬಾಯೊಳಗಿನ ರೊಟ್ಟಿ ಅಲ್ಲೇ ನಿಂತಿತು.

"ಯಾರೋ ಅದು?" ಅಂದಳೊಬ್ಬಳು.

"ತಡಿ, ಕೆಳಗಿದೆ. ಹೆಸರು ಊಲ್ಕಾನ್. ಸಕ್ಕರೆ ಕಾಯಿಲೆ. ಗಂಡ ಬಿಟ್ಟುಹೋಗಿದಾನೆ. ಫೋನ್ ನಂಬರೂ ಇದೆ ಕಣ್ರೋ, ಮಾಡೋಣ್ವಾ? ಇಲ್ಲಿ ಓದುತ್ತಿರುವ..." ಬೆಕ್ತೂರನ ದನಿ ಅಲ್ಲಿಗೆ ತಗ್ಗಿತು. ಇನ್ನೊಂದು ಸಲ ಕಣ್ಣಾಡಿಸಿದ. "ಐಪೆರಿ, ನಿಮ್ಮಮ್ಮ ಮಾಸ್ಕೋದಲ್ಲಲ್ವಾ ಇರೋದು? ಮಾಸ್ಕೋ ಇಲ್ಲೇ ಮೆಟ್ಟಿಲ ಕೆಳಗಿದ್ಯಾ?"

ಸಾಯ್ರಾ ಬೀಜದ ಲೋಟ ಬಿಸಾಡಿ ಎದ್ದಳು. "ನಿನ್ ಬಾಯಿಗೆ ಹುಳ ಬೀಳ! ಕೊಡ್ಲಾ ಇಲ್ಲಿ, ಬೋಳಿಮಗನೆ! ತಾಯಿ ಹಾಲು ಕುಡಿದ್ಯೋ ಕತ್ತೆ ಹಾಲು ಕುಡಿದ್ಯೋ?" ಕಾಗದ ಕಿತ್ತುಕೊಂಡಳು. ಹುಡುಗರು ಇನ್ನೂ ಜೋರಾಗಿ ನಕ್ಕರು.

ಐಪೆರಿ ಇತ್ತ ತಿರುಗಿದಳು. ತಾಯಿ ಮಗಳ ಕಣ್ಣು ಕೂಡಿದವು. ಆಗ ಊಲ್ಕಾನ್ ಮಾಡಿದ್ದು ತಾನು ಕಲಿತಿದ್ದ ಕೆಲಸವನ್ನೇ. ಥಟ್ಟನೆ ತಲೆ ತಗ್ಗಿಸಿ, ಯಾರೋ ಏನೋ ಎಂಬಂತೆ ನೆಲ ನೋಡಿದಳು. ತಲೆ ಎತ್ತುವಷ್ಟರಲ್ಲಿ ಹುಡುಗಿ ಗೇಟು ದಾಟಿ ಹೋಗಿದ್ದಳು. ಊಲ್ಕಾನಳಿಗೆ ಆ ಗಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದಿತ್ತೇ ಅನ್ನಿಸಿತು.

ಮಾರನೇ ದಿನ ಐಪೆರಿ ಬಕೆಟ್ಟಿನ ಕೋಣೆಗೇ ಬಂದಳು. ವಿಶ್ವವಿದ್ಯಾಲಯದೊಳಗೆ ಮಗಳು ತಾಯಿಯನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಅತ್ತೂ ಅತ್ತೂ ಮುಖ ಊದಿತ್ತು.

"ನನ್ನ ಹೆಸರು ಯಾಕ್ ಬರ್ದೆ ಅಮ್ಮಾ?"

"ಬರೀದಿದ್ರೆ ತಗಳಲ್ಲ ಅಂದ ಕಣವ್ವ. ಕೋಣೆ ದಾಟಲ್ಲ ಅಂತಲೂ ಅಂದ."

"ದಾಟಿಸಿದ್ದು ಯಾರು? ಮೂಟೆ ಹೊತ್ತಿದ್ದು ಯಾರು?"

ಊಲ್ಕಾನ್ ಬಟ್ಟೆ ಹಿಂಡುತ್ತಾ ನಿಂತಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

"ಬೇಗಿಮಾಯ್ ಇದ್ಲಲ್ಲ," ಅಂದಳು ಐಪೆರಿ, "ಹೋದ ವರ್ಷ ಓದು ಬಿಟ್ಟು ಊರಿಗೆ ಹೋದ್ಲಲ್ಲ. ಅವಳ ವಿಷಯ ಊರಿಗೆಲ್ಲ ಹೆಂಗ್ ಗೊತ್ತಾಯ್ತು ಅಂತ ಅವಳು ಎಷ್ಟ್ ಅತ್ಕೊಂಡ್ ಕೇಳ್ತಿದ್ಲು ಗೊತ್ತಾ? ಒಬ್ಬರಿಗೂ ಹೇಳಿರಲಿಲ್ವಂತೆ, ಹನ್ನೆರಡನೇ ಕೋಣೆಗೆ ಬಿಟ್ಟು."

ಊಲ್ಕಾನಳಿಗೆ ಗೊತ್ತಿತ್ತು. ಬೇಗಿಮಾಯಳ ಕಾಗದ ಬಿಡಿಸಿ ಓದಿದವಳು ಅವಳೇ. ಗೇಟಿನ ಪಕ್ಕ ಕೂತು, ಬೀಜ ತಿಂದು, ಪೊಟ್ಟಣ ಬಿಡಿಸಿ ಹೊತ್ತು ಹೋಗದೆ ಓದಿದ್ದಳು. ಅಧ್ಯಾಪಕನೊಬ್ಬ ಹುಡುಗಿಯನ್ನು ಪರೀಕ್ಷೆಯ ನೆಪದಲ್ಲಿ ಕರೆಸಿಕೊಂಡದ್ದು, ಅವನು ಮಾಡಿದ್ದು, ಅವಳು ಯಾವ ಬಣ್ಣದ ಅಂಗಿ ಹಾಕಿದ್ದಳು ಎನ್ನುವುದೂ ಅದರಲ್ಲಿತ್ತು. "ಸುಮ್ನೆ ಕರೀತಾರಾ ಸಾಯ್ರಾ? ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂದಿದ್ದಳು. ಸಾಯ್ರಾ, "ಅಯ್ಯೋ ಅಕ್ಕಾ, ಈ ಕಾಲದ ಹುಡ್ಗೀರು!" ಎಂದು ನಕ್ಕಿದ್ದಳು. ಆಮೇಲೆ ನಲ್ಲಿಯ ಹತ್ತಿರ ಉಳಿದ ಮೂವರು ಕೆಲಸದ ಹೆಂಗಸರಿಗೂ ಅದನ್ನು ಉಪ್ಪು ಖಾರ ಹಚ್ಚಿ ಹೇಳಿದ್ದು ಯಾರು? ಕಾಗದವನ್ನು ಸಿಪ್ಪೆಯ ಜೊತೆ ಮುದುರಿ ಚರಂಡಿಗೆ ಎಸೆದದ್ದು ಯಾರು?

"ನಾನಿನ್ನು ತರಗತಿಗೆ ಹೋಗಲ್ಲ," ಎಂದು ಐಪೆರಿ ಹೊರಟುಹೋದಳು.

ಬುಧವಾರ ಕುಬಾತ್ ಹೇಳಿಕಳಿಸಿದ. ಮೇಲ್ವಿಚಾರಕಿ ಸಾಲ್ಕಿನಳೂ ಕಾಲ ಮೇಲೆ ಕಾಲು ಹಾಕಿಕೊಂಡು ಅಲ್ಲೇ ಕೂತಿದ್ದಳು. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆಯೊಂದಿತ್ತು.

"ಗುಟ್ಟಿನ ಕಾಗದ ಬೀಜದ ಪೊಟ್ಟಣ ಆಗಿದೆ. ಮೇಲಿನೋರು ಕೇಳ್ತಿದ್ದಾರೆ. ಮೂಟೆ ಹೊತ್ತಿದ್ದು ಯಾರಮ್ಮ?"

"ನಾನೇ."

"ಒಪ್ಕೊಂಡ್ಳು ನೋಡಿ," ಅಂದಳು ಸಾಲ್ಕಿನ್. "ಉಚ್ಚೆ ತಡಿಯಕ್ಕಾಗ್ದೋಳು ಗುಟ್ಟು ತಡೀತಾಳಾ?"

"ಒಪ್ಪಿದ್ಮೇಲೆ ಸಹಿ ಹಾಕು. ಅನುಮತಿ ಇಲ್ಲದೆ ಕದ್ದು ಒಯ್ದೆ ಅಂತ ಬರೆದಿದೆ. ಕೆಲಸ ಹೋಗುತ್ತೆ, ಅಷ್ಟೇ. ಹಾಕ್ಲಿಲ್ಲ ಅಂದ್ರೆ..." ಕುಬಾತ್ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟ. "ಮಗಳು ಇಲ್ಲೇ ಓದ್ತಾಳಲ್ವಾ? ಎರಡನೇ ವರ್ಷ. ಫಾರಂನಲ್ಲಿ ನೋಡ್ದೆ."

ಆ ಸಾಲು ಬರೆಸಿಕೊಂಡದ್ದು ಇದಕ್ಕೇ ಇರಬಹುದು, ಇಲ್ಲದೆಯೂ ಇರಬಹುದು. ಮೂಲೆಯಲ್ಲಿ ಈ ವಾರದ ಮೂಟೆ ಅರ್ಧ ತುಂಬಿ ಬಾಯಿ ತೆರೆದು ಕೂತಿತ್ತು. ಮೇಲಿನ ಕಾಗದದಲ್ಲಿ ಯಾರದೋ ದುಂಡನೆಯ ಅಕ್ಷರ, ಹುಡುಗಿಯದೇ ಇರಬೇಕು.

ಅವಳು ಪೆನ್ನು ಮುಟ್ಟಲಿಲ್ಲ. ಮೂಲೆಗೆ ಹೋದಳು. ಯಂತ್ರದ ಮೇಲಿನ ಚಹಾ ಪಾತ್ರೆ ಎತ್ತಿ ಕುಬಾತನ ಮೇಜಿನ ಮೇಲೆ, ಅವನ ಕಾಗದಗಳ ನಡುವೆಯೇ ಕುಕ್ಕಿದಳು. ಕಸೂತಿ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಂಡಳು. ತಂತಿಯನ್ನು ಗೋಡೆಗೆ ಚುಚ್ಚಿ ಗುಂಡಿ ಒತ್ತಿದಳು. ಮೂರು ವರ್ಷ ಮಲಗಿದ್ದ ಯಂತ್ರ ಗರ್ರನೆ ಎದ್ದಿತು.

"ಏಯ್! ಅದು ಮುಟ್ಟಬೇಡ! ಕೆಟ್ಟುಹೋಗುತ್ತೆ!"

"ಕೆಡ್ಲಿ ಬಿಡು ಸಾರ್. ನಾವ್ ಕೆಟ್ಟಿಲ್ವಾ?"

ಮೊದಲು ಅವನು ಟೈಪ್ ಮಾಡಿಸಿದ ಹಾಳೆಯನ್ನು ಮೇಜಿನಿಂದ ಎಳೆದು ಹಾಕಿದಳು. ಆಮೇಲೆ ಮೂಟೆಗೆ ಕೈ ಹಾಕಿದಳು. ಒಂದೊಂದಾಗಿ, ಅಕ್ಷರ ಕೆಳಗೆ ಮಾಡಿ, ಒಂದನ್ನೂ ಓದದೆ ಹಾಕಿದಳು. ಸಾಲ್ಕಿನ್ ರಟ್ಟೆ ಹಿಡಿದು ಎಳೆದಳು. "ಬಿಡೇ ಮುಂಡೆ! ಅದು ಸರ್ಕಾರಿ ಕಾಗದ!"

"ಸರ್ಕಾರಿ ಕಾಗ್ದಾನ? ಇಷ್ಟ್ ದಿನ ಬೀಜ ಕಟ್ಟೋ ಕಾಗ್ದ ಆಗಿತ್ತಲ್ಲ, ಅವಾಗ ಎಲ್ಲೋಗಿತ್ತೇ ನಿನ್ ಸರ್ಕಾರ?" ಕೈ ಒಮ್ಮೆ ಕೊಡವಿದ ರಭಸಕ್ಕೆ ಸಾಲ್ಕಿನ್ ಕುರ್ಚಿಗೆ ಹೋಗಿ ಬಿದ್ದಳು. ಮೂವತ್ತು ವರ್ಷ ಬಕೆಟ್ಟು ಎತ್ತಿದ ತೋಳು ಅದು.

ಗಲಾಟೆಗೆ ಪಡಸಾಲೆಯಲ್ಲಿ ಜನ ಸೇರಿದರು. ಮೂಟೆ ಖಾಲಿಯಾಯಿತು. ಊಲ್ಕಾನ್ ಎದೆಯೊಳಗಿಂದ ಇನ್ನೊಂದು ಕಾಗದ ತೆಗೆದಳು. ಸಾಯ್ರಾ ಕಿತ್ತುಕೊಟ್ಟದ್ದು. ಎಣ್ಣೆ ಹತ್ತಿ, ಉಪ್ಪು ಹತ್ತಿ, ಪೊಟ್ಟಣದ ಮಡಿಕೆ ಮಡಿಕೆಯಾಗಿತ್ತು. ಕೆಳಗಿನ ಒಂದು ಸಾಲನ್ನು ಉಗುರಿನಿಂದ ಗೀರಿ ಪಟ್ಟಿಯಾಗಿ ಹರಿದಳು. ಮಗಳ ಹೆಸರಿದ್ದ ಆ ಪಟ್ಟಿಯನ್ನು ಯಂತ್ರದ ಬಾಯಿಗೆ ಕೊಟ್ಟಳು. ಆ ಹೆಸರು ಆಗಲೇ ಎಲ್ಲರ ಕಿವಿಗೆ ಬಿದ್ದಾಗಿತ್ತು. ಬೇಗಿಮಾಯಳ ಕಾಗದಕ್ಕೆ ಮಾಡಬೇಕಿದ್ದದ್ದೂ ಇದನ್ನೇ, ಅಷ್ಟು ಮಾತ್ರ ಅವಳಿಗೆ ಗೊತ್ತಿತ್ತು.

ಉಳಿದದ್ದನ್ನು ಹೊರಗೆ ತಂದು ನೀಲಿ ಹಲಗೆಯ ಕೆಳಗೆ ಬಾಗಿಲಿಗೆ ಒತ್ತಿ ಹಿಡಿದಳು. ಬೆರಳಿನ ಅಂಟುಪಟ್ಟಿಗಳನ್ನು ಹಲ್ಲಿನಿಂದ ಕಿತ್ತು ನಾಲ್ಕು ಮೂಲೆಗೆ ಅಂಟಿಸಿದಳು. ಬಿರುಕಿನಿಂದ ರಕ್ತ ಜಿನುಗಿತು.

"ಕದ್ದು ಓದ್ಬ್ಯಾಡ್ರಿ. ಓದ್ರಿ ಇಲ್ಲೇ. ಬೀಗ ಹಾಕಿದೋಳ್ ಹೆಸ್ರೂ ಐತೆ, ಊಲ್ಕಾನ್ ಅನ್ನೋಳೂ ನಾನೇ."

ಆಡುವಾಗ ದನಿಯೇನೋ ಗಟ್ಟಿಯಾಗಿತ್ತು. ಆಡಿದ ಮೇಲೆ ಕಿವಿ, ಕುತ್ತಿಗೆ ಎಲ್ಲ ಕಾದವು. ಯಾರೂ ನಗಲಿಲ್ಲ, ಯಾರೂ ಮುಂದೆ ಬಂದು ಓದಲೂ ಇಲ್ಲ. ಉಳಿದ ಮೂವರು ಕೆಲಸದ ಹೆಂಗಸರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರ ಹಿಂದೆ ಐಪೆರಿ ಇದ್ದಳು. ಊಲ್ಕಾನ್ ಹಳೆಯ ರೂಢಿಯಂತೆ ಕಣ್ಣು ಕೆಳಗೆ ಹಾಕಿ, ಬಕೆಟ್ಟು ಎತ್ತಿಕೊಂಡು ಅವಳ ಪಕ್ಕದಿಂದಲೇ ದಾಟಿ ಹೋದಳು.

ಕುಬಾತ್ ಬಾಗಿಲ ಕಾಗದಕ್ಕೆ ಕೈ ಹಾಕಿದ.

"ಹರೀಬೇಡಿ ಸಾರ್," ಅಂದಿತು ಹಿಂದಿನಿಂದ ಒಂದು ದನಿ. "ನಾನಿನ್ನೂ ಓದಿಲ್ಲ."

ಐಪೆರಿ ಜನರನ್ನು ಸರಿಸಿಕೊಂಡು ಬಾಗಿಲಿಗೆ ಹೋದಳು. ಮೊದಲ ಸಾಲಿನಿಂದ ಶುರು ಮಾಡಿದಳು, ತರಗತಿಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ. ಮಂಗಳವಾರ ಬಂತು, ಬೀಗ ಬಂತು, ಸಾಲ್ಕಿನಳ ಹೆಸರು ಬಂತು. ಊಲ್ಕಾನ್ ಪಡಸಾಲೆಯ ಅರ್ಧದಲ್ಲೇ ನಿಂತಳು. ಮುಂದಿನ ಸಾಲು ಯಾವುದೆಂದು ಅವಳಿಗೆ ಗೊತ್ತಿತ್ತು. ಬೇಡ ಮಗಳೇ, ಅದೊಂದು ಬಿಟ್ಟು ಓದು ಎಂದು ಕೂಗಬೇಕೆನಿಸಿತು. ಮಗಳ ದನಿ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ಓದಿತು.

ಊಲ್ಕಾನ್ ಬಕೆಟ್ಟು ಕೆಳಗಿಟ್ಟು, ಆ ಮಂಗಳವಾರ ಬಕೆಟ್ಟಿನ ಕೋಣೆಯ ಬಾಗಿಲು ತೆರೆದಾಗ ನಿಂತ ಹಾಗೆಯೇ, ಎರಡೂ ಕೈಯಿಂದ ಲಂಗದ ಮುಂಭಾಗ ಮುಚ್ಚಿಕೊಂಡು ನಿಂತಿದ್ದಳು.