ಲೈಬ್ರರಿಗೆ ಬಂದ ಗಣೆ

ಮಗಳ ಕೈಯಿಂದ ಗಣೆಯನ್ನು ಕಿತ್ತುಕೊಂಡ ಮೇಲೆಯೇ ಮೀನಾಕ್ಷಿಗೆ ತಾನೇನು ಮಾಡಿದೆನೆಂಬುದು ಹೊಳೆದದ್ದು.

ಎದೆಯೆತ್ತರದ ಬಿದಿರ ಕೊಳಲು ಅದು. ಹಬ್ಬದ ದಿನ ಮಾವ ಚಿತ್ತಯ್ಯ ಮಿಂದು, ಒದ್ದೆ ಪಂಚೆಯಲ್ಲೇ ದೇವರ ಮುಂದೆ ಕೂತು ಊದುವುದು. ಉಳಿದ ದಿನಗಳಲ್ಲಿ ಕಂಬಳಿ ಸುತ್ತಿಸಿಕೊಂಡು ಮನೆಯ ತೊಲೆಯಿಂದ ತೂಗುತ್ತಿರುತ್ತದೆ. ನೆಲಕ್ಕೆ ತಾಗಿಸುವಂತಿಲ್ಲ. ಸೂತಕದವರು ಮುಟ್ಟುವಂತಿಲ್ಲ. ಮೀನಾಕ್ಷಿ ಮೊನ್ನೆಯಿಂದ ಹಟ್ಟಿಯ ಹೊರಗಿದ್ದಳು. ತಿಂಗಳ ಆ ದಿನಗಳಲ್ಲಿ ಮುಳ್ಳುಬೇಲಿಯಾಚೆಯ ಶೀಟಿನ ಕೋಣೆಯಲ್ಲಿ ಮಲಗಿ, ಅಲ್ಲಿಂದಲೇ ಊರಿಗೆ ನಡೆದು ಗಾರ್ಮೆಂಟ್ಸ್ ಬಸ್ಸು ಹತ್ತಿ ಹಿರಿಯೂರಿಗೆ ಹೋಗಿಬರುವುದು ಅವಳಿಗೆ ಮದುವೆಯಾದಾಗಿನಿಂದ ನಡೆದುಬಂದ ರೂಢಿ.

ಶನಿವಾರವಾದ್ದರಿಂದ ಮಧ್ಯಾಹ್ನವೇ ಬಿಟ್ಟಿದ್ದರು. ಬಸ್ಸಿಳಿದವಳು ಪಂಚಾಯಿತಿ ಲೈಬ್ರರಿಯ ಕಿಟಕಿಯ ಹತ್ತಿರ ಬಂದು ನಿಂತಿದ್ದಳು. ಒಳಗೆ ಬರಬೇಡಿ ಎಂದು ಅಲ್ಲಿ ಯಾರೂ ಹೇಳುವವರಿಲ್ಲ. ಆದರೂ ಈ ದಿನಗಳಲ್ಲಿ ಅವಳು ಕಿಟಕಿಯಿಂದಲೇ ಮಗಳನ್ನು ನೋಡುವುದು. ದಾರಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ ಚಿತ್ರದ ಪುಸ್ತಕಗಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದ್ದವು. ಚಾಪೆಯ ಮೇಲೆ ಮಕ್ಕಳು ಗುಂಪಾಗಿ ಕೂತಿದ್ದರು. ಅವರ ನಡುವೆ ನೇತ್ರಾವತಿ ನಿಂತಿದ್ದಳು. ಅವಳ ಎರಡೂ ಕೈಯಲ್ಲಿ ಗಣೆ. ಪಕ್ಕದಲ್ಲಿ ಬೀರೇಶ ಎನ್ನುವ ಹುಡುಗ ಕೈಗಳನ್ನು ಬೆನ್ನಹಿಂದೆ ಕಟ್ಟಿ, ಬಗ್ಗಿ, ಗಣೆಯ ತುದಿಗೆ ಕಣ್ಣಿಟ್ಟು, "ಲೇ ನೇತ್ರಾ, ಇದ್ರಾಗೆ ಹಿರಿಯೂರು ಬಸ್‌ಸ್ಟ್ಯಾಂಡು ಕಾಣ್ತೈತೆ ಕಣೇ!" ಎನ್ನುತ್ತಿದ್ದ.

ತೊಲೆಯಿಂದ ಕದ್ದು ತಂದಿದ್ದಾಳೆ. ಅದೊಂದೇ ತಲೆಯಲ್ಲಿ ಬಂದದ್ದು. ಚಪ್ಪಲಿ ಎಲ್ಲಿ ಬಿಟ್ಟಳೋ, ಬಾಗಿಲು ಹೇಗೆ ದಾಟಿದಳೋ. "ನಿನ್ ಕೈ ಸೇದೋಗ! ಯಾರು ಕೊಟ್ರೇ ಇದನ್ನ?" ಎಂದು ಕೂಗುತ್ತಲೇ ಎಳೆದಳು. ಹುಡುಗಿ ಬಿಡಲಿಲ್ಲ. ಒಂದು ಗಳಿಗೆ ತಾಯಿ ಮಗಳಿಬ್ಬರೂ ಗಣೆಯ ಎರಡು ಕಡೆ ನಿಂತು ಜಗ್ಗಾಡಿದರು. ಆಮೇಲೆ ಅದು ಇವಳ ಕೈಗೆ ಬಂತು.

"ಅವ್ವಾ," ಎಂದಳು ನೇತ್ರಾ. "ನೀನು ಹೊರಗಿದ್ದೀಯಲ್ಲವ್ವ."

ಬಾಗಿಲ ಹಿಂದೆ ಯಾರೋ ಕೆಮ್ಮಿದರು. ಮೀನಾಕ್ಷಿ ತಿರುಗಿ ನೋಡಿದಳು. ಮಕ್ಕಳು ಕೂರುವ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೊಣಕಾಲು ಎದೆಗೆ ಬರುವಂತೆ, ಚಿತ್ತಯ್ಯ ಕೂತಿದ್ದ. ಬಿಚ್ಚಿದ ರುಮಾಲನ್ನು ಸುತ್ತಿಕೊಳ್ಳುತ್ತಿದ್ದವನ ಕೈ ಅರ್ಧಕ್ಕೇ ನಿಂತಿತ್ತು.

ಲೈಬ್ರರಿ ನೋಡಿಕೊಳ್ಳುವ ಸುಮಾ ಎದ್ದು ಬಂದಳು. ಹೊಳಲ್ಕೆರೆಯಿಂದ ಬಂದ ಹೊಸ ಹುಡುಗಿ. "ಯಾಕೆ ಮೀನಾಕ್ಷಕ್ಕ, ಹಿಂಗೆ ಗಾಬರಿ ಬಿದ್ರಿ? ತಾತನೇ ತಂದಿದ್ದು. ಶನಿವಾರಕ್ಕೊಬ್ರು ಹಿರಿಯರನ್ನ ಕರ್ಸಿ ಮಕ್ಳಿಗೆ ಕಥೆ ಹೇಳಿಸ್ತೀವಲ್ಲ. ನಿಮ್ಮ ನೇತ್ರಾನೇ ದುಂಬಾಲು ಬಿದ್ದು ಕರ್ಕಂಡು ಬಂದಾಳೆ. ನಿಮಗೆ ಹೇಳಿರ್ಲಿಲ್ವಾ?"

ಯಾರು ಹೇಳಬೇಕಿತ್ತು? ಮೊನ್ನೆಯಿಂದ ಅವಳು ಮನೆಯ ಮಾತು ಕೇಳಿರಲಿಲ್ಲ. ಈಗ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಸಿಮೆಂಟು ನೆಲದ ಮೇಲೆ ಪುಟ್ಟ ಪುಟ್ಟ ಒದ್ದೆ ಹೆಜ್ಜೆಗಳು. ಮಕ್ಕಳೆಲ್ಲ ಕೈಕಾಲು ತೊಳೆದು ಬಂದಿದ್ದಾರೆ. ಕಿಟಕಿಯಲ್ಲಿ ಊದುಬತ್ತಿ. ಯಾರೂ ಗಣೆ ಮುಟ್ಟದಂತೆ ಕೈಕಟ್ಟಿಕೊಂಡಿದ್ದಾರೆ, ಬೀರೇಶ ಸಹ. ಇನ್ನೂ ದೊಡ್ಡವಳಾಗದ ಮೊಮ್ಮಗಳ ಕೈಗೆ, ರುಮಾಲು ಸುತ್ತಿಕೊಳ್ಳುವಷ್ಟು ಹೊತ್ತು ಮಾತ್ರ, ಮಾವ ಅದನ್ನು ಕೊಟ್ಟಿದ್ದಾನೆ. ಎಲ್ಲ ನೇಮದ ಪ್ರಕಾರವೇ ಇತ್ತು. ಕೆಡಿಸಿದವಳು ತಾನು.

ಗಣೆಯನ್ನು ಕೆಳಗಿಡುವಂತಿಲ್ಲ. ಮಾವನಿಗೆ ಕೊಟ್ಟರೆ ಮಾವನಿಗೂ ಸೂತಕ. ಹಿಡಿದುಕೊಂಡೇ ಇರೋಣವೆಂದರೆ ಹಿಡಿದಷ್ಟು ಹೊತ್ತೂ ತಪ್ಪು.

"ಕೊಡ್ರಿ, ಟೇಬಲ್ ಮೇಲೆ ಇಡ್ತೀನಿ," ಎಂದು ಸುಮಾ ಕೈಚಾಚಿದಳು.

"ಇಡಂಗಿಲ್ಲ ಮೇಡಂ." ಮೀನಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದಳು. "ನಾನು ಮುಟ್ಟಂಗೇ ಇರ್ಲಿಲ್ಲ."

ಸುಮಾ ಅವಳ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಈ ಕಾಲದಾಗೂ ಇದೇನು ಮೀನಾಕ್ಷಕ್ಕ..."

"ಆ ಕಾಲ ನಿಮ್ಮೂರಿಗೆ ಬಂದೈತೆ ಮೇಡಂ. ನಮ್ಮ ಹಟ್ಟಿ ತಾವ ಬಸ್ಸು ನಿಲ್ಲಲ್ಲ."

ಹಿಂದೆ ಕೂತಿದ್ದ ಮಗುವೊಂದು ಕಿಸಕ್ಕನೆ ನಕ್ಕಿತು. ಬೀರೇಶ, "ನೇತ್ರಾ ಅವ್ವ ಪೊಲೀಸ್ನೋರು ಬಂದಂಗೆ ಬಂದ್ರು!" ಎಂದ. ಮತ್ತಷ್ಟು ಮಕ್ಕಳು ನಕ್ಕರು. ನೇತ್ರಾ ನಗಲಿಲ್ಲ. ತಿಂಗಳಿಂದ ತಾತನ ಹಿಂದೆ ಮುಂದೆ ಸುತ್ತಿ ಒಪ್ಪಿಸಿದವಳು. ತಾತ ಈಗ ಎದ್ದು ಹೊರಟರೆ ಇನ್ನೊಂದು ಸಲ ಈ ಮೆಟ್ಟಿಲು ಹತ್ತುವುದಿಲ್ಲ, ತನ್ನನ್ನೂ ಹತ್ತಗೊಡುವುದಿಲ್ಲ ಎನ್ನುವುದು ಆ ಹುಡುಗಿಗೆ ಗೊತ್ತಿತ್ತು. ತಾಯಿಗೂ ಗೊತ್ತಿತ್ತು.

ಚಿತ್ತಯ್ಯ ಕುರ್ಚಿಯಿಂದ ಎದ್ದ. ರುಮಾಲನ್ನು ತಲೆಗೆ ಸುತ್ತದೆ ಹೆಗಲ ಮೇಲೆ ಹಾಕಿಕೊಂಡ.

"ಗಟ್ಟಿ ಹಿಡ್ಕ," ಎಂದ. "ಬಿಟ್ಟು ಗಿಟ್ಟೀಯ."

"ಮಾವ, ನನಗೆ ಗೊತ್ತಿರ್ಲಿಲ್ಲ. ಹುಡುಗಿ ಕದ್ದು ತಂದವಳೆ ಅಂತ..."

"ಆತು ಬಿಡು. ಇತ್ಲಾಗೆ ಕೊಡು."

"ಬ್ಯಾಡ ಮಾವ. ನಿಮಗೂ ಆಗ್ತದೆ."

"ಕೊಡು ಅಂದೆ."

ಅವನು ಎರಡೂ ಕೈ ಚಾಚಿದ. ಹದಿಮೂರು ವರ್ಷದಲ್ಲಿ ಈ ದಿನಗಳಲ್ಲಿ ಅವಳ ಕೈಯಿಂದ ಒಂದು ಲೋಟ ನೀರನ್ನೂ ಈಸಿಕೊಂಡವನಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ಜಾಲಿಯ ಕಡೆ ಸರಿದು ನಿಲ್ಲುತ್ತಿದ್ದವನು. ಮೀನಾಕ್ಷಿ ಕೊಡಲಿಲ್ಲ. ಕೊಡುವುದಕ್ಕೆ ಅವಳ ಕೈಯೇ ಬರಲಿಲ್ಲ. ಅವನೇ ಹತ್ತಿರ ಬಂದು, ಅವಳ ಬೆರಳುಗಳ ಪಕ್ಕದಲ್ಲೇ ಹಿಡಿದು, ಮೆಲ್ಲಗೆ ಬಿಡಿಸಿಕೊಂಡ. ಅವನ ಒರಟು ಬೆರಳು ಅವಳ ಮಣಿಕಟ್ಟಿಗೆ ತಾಗಿತು. ಬೆಂಕಿ ತಾಗಿದವಳಂತೆ ಅವಳು ಕೈ ಎಳೆದುಕೊಂಡಳು.

ಚಿತ್ತಯ್ಯ ಪುನಃ ಆ ಪುಟ್ಟ ಕುರ್ಚಿಯಲ್ಲಿ ಕೂತು, ಹೆಗಲ ರುಮಾಲಿನಿಂದ ಗಣೆಯ ಬಾಯಿ ಒರೆಸಿದ.

"ದೇವ್ರ ಪದ ಊದ್ತೀಯಾ ತಾತ?" ಎಂದ ಬೀರೇಶ.

"ದೇವ್ರ ಪದ ಇವತ್ತಿಗಿಲ್ಲ. ಇದರಾಗೆ ಈಗ ಆತನ ಹೆಸರು ಹೇಳಂಗಿಲ್ಲ." ಚಿತ್ತಯ್ಯ ರುಮಾಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. "ಕುರಿ ಕರೆಯೋದು ಊದ್ತೀನಿ. ಕುರಿಗೆ ಇವೆಲ್ಲ ಇಲ್ಲ."

"ನಾವೇನ್ ಕುರಿಗಳಾ ತಾತ?"

"ನೀನು ಹೋತ ಕಣಪ್ಪ. ಕುತ್ಕ ಸುಮ್ನೆ."

ನಗು ಮುಗಿಯುವ ಮುನ್ನವೇ ಅವನು ಊದತೊಡಗಿದ. ಮೀನಾಕ್ಷಿಗೆ ಏನೂ ಕೇಳಿಸಲಿಲ್ಲ. ತನ್ನ ಕೈ ಹಿಡಿದ ಜಾಗದಲ್ಲೇ ಅವನ ಬೆರಳು ಏಳುವುದು, ಬೀಳುವುದು ಮಾತ್ರ ಕಾಣುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ಕೂತಳು. ದಾರದಲ್ಲಿ ತೂಗುತ್ತಿದ್ದ ಪುಸ್ತಕವೊಂದು ಅವಳ ತಲೆಗೂದಲಿಗೆ ತಾಗಿ ತಾಗಿ ಹೋಗುತ್ತಿತ್ತು. ಅದನ್ನು ಸರಿಸಲೂ ಅವಳು ಕೈಯೆತ್ತಲಿಲ್ಲ.

ಹೊರಡುವಾಗ ಸುಮಾ ಬಾಗಿಲಿಗೆ ಬಂದು, "ತಾತ, ಮುಂದಿನ ಶನಿವಾರ..." ಎಂದು ಅಷ್ಟಕ್ಕೇ ನಿಲ್ಲಿಸಿದಳು. ಚಿತ್ತಯ್ಯ ಆಗಲೇ ಹಟ್ಟಿಯ ದಾರಿ ಹಿಡಿದಿದ್ದ. ಮುಂದೆ ಅವನು, ಹತ್ತಾರು ಮಾರು ಹಿಂದೆ ಮೀನಾಕ್ಷಿ, ಯಾರ ಜೊತೆ ನಡೆಯಬೇಕೆಂದು ತಿಳಿಯದೆ ನಡುವೆ ನೇತ್ರಾ. ಮನೆಯಲ್ಲಿ ಗಂಡ ಜುಂಜೇಶನೂ ಇರಲಿಲ್ಲ. ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆಯ ತೋಟಗಳಿಗೆ ಗೊಬ್ಬರಕ್ಕೆಂದು ಮಂದೆ ಹಾಕಲು ಹೋಗಿದ್ದ. ಇದ್ದಿದ್ದರೂ ಏನು ಹೇಳುತ್ತಿದ್ದನೋ. ಅತ್ತೆಗೆ ಏನು ಹೇಳುವುದು ಎನ್ನುವುದೊಂದೇ ಅವಳ ತಲೆ ಕೊರೆಯುತ್ತಿತ್ತು.

ಅತ್ತೆ ಚಿತ್ತಮ್ಮ ಬೇಲಿಯ ಸಂದಿನಲ್ಲೇ ನಿಂತಿದ್ದಳು. ಚಿತ್ತಯ್ಯ ಒಳಗೆ ಹೋಗಲಿಲ್ಲ. ಗಣೆಗೆ ಕಂಬಳಿ ಸುತ್ತಿ, ಶೀಟಿನ ಕೋಣೆಯ ಪಕ್ಕದ ಹೊಂಗೆಯ ಕೊಂಬೆಗೆ ಕಟ್ಟಿ, ಬುಡದಲ್ಲಿ ಕೂತ.

"ಅಲ್ಲಿ ಯಾಕೆ ಕುಂತೆ?"

"ಮುಟ್ಟೈತೆ."

"ಏನು?"

"ಗಣೆಗೆ. ಇವಳ ಕೈ ಮುಟ್ಟೈತೆ. ನಾನೂ ಮುಟ್ಟೀನಿ."

ಚಿತ್ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ನಮ್ಮ ಮನೆ ಹಾಳು ಮಾಡಾಕೆ ಹುಟ್ಟಿದೀಯೇನೇ..." ಎಂದು ಶುರುಮಾಡಿದವಳು, ಗಂಡ ಕಂಬಳಿಯ ಇನ್ನೊಂದು ತುಂಡನ್ನು ನೆಲಕ್ಕೆ ಹಾಸಿಕೊಳ್ಳುವುದನ್ನು ಕಂಡು ನಿಲ್ಲಿಸಿದಳು. "ನೀನೇನು ಹಾಸ್ಕಂತೀಯಾ? ಗಂಡಸಿಗೆ ತಲೆ ಮ್ಯಾಲೆ ಎರಡು ಚೊಂಬು ನೀರು ಹುಯ್ಕಂಡ್ರೆ ಹೋತು. ಎದ್ದು ಬಾ."

"ನನಗೆ ನೀರು ಸಾಕು. ಗಣೆಗೆ?"

ಚಿತ್ತಮ್ಮ ತಲೆಯೆತ್ತಿ ಕೊಂಬೆಯಲ್ಲಿ ತೂಗುತ್ತಿದ್ದ ಕಂಬಳಿಯನ್ನು ನೋಡಿದಳು.

"ಅದನ್ನ ಒಂಟಿ ಬಿಟ್ಟು ನಾನು ಒಳಗೆ ಮಲಗಲ್ಲ," ಎಂದ ಚಿತ್ತಯ್ಯ. "ಇವಳು ಒಳಗೆ ಬರೋ ದಿನ ಅದೂ ಬರ್ಲಿ, ನಾನೂ ಬರ್ತೀನಿ."

"ಗಂಡಸು ಇಲ್ಲಿ ಮಲಗಿದ್ದು ಯಾರಾದ್ರೂ ಕಂಡವ್ರೇನು? ನಾಳೆ ಹಟ್ಟಿ ಜನ ನಗ್ತಾರೆ!"

"ನಗ್ಲಿ."

"ಅಜ್ಜಿ," ಎಂದಳು ನೇತ್ರಾ, "ಅವ್ವ ಎಳೆದಾಗ ನಾನೂ ಹಿಡ್ಕಂಡಿದ್ದೆ." ಹೇಳಿ, ಹೋಗಿ ತಾತನ ಕಂಬಳಿಯ ಅಂಚಿನಲ್ಲಿ ಕೂತಳು.

ಮೀನಾಕ್ಷಿ ಕೋಣೆಯ ಹೊಸ್ತಿಲಲ್ಲೇ ನಿಂತಿದ್ದಳು. ಕಾಲು ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ಈ ಹೊಂಗೆಯ ಕೆಳಗೆ ಅವಳು ಎಷ್ಟೋ ಸಂಜೆಗಳನ್ನು ಕಳೆದಿದ್ದಳು. ಇನ್ನೊಬ್ಬರು ಅಲ್ಲಿ ಕೂತದ್ದನ್ನು ನೋಡಿರಲಿಲ್ಲ. ಚಿತ್ತಯ್ಯ ಅವಳ ಕಡೆ ನೋಡದೆಯೇ, "ಸೊಳ್ಳೆ ಭಾಳ ಅದಾವಲ್ಲೇ ಇಲ್ಲಿ," ಎಂದ.

ಕತ್ತಲಾಗುವ ಹೊತ್ತಿಗೆ ಚಿತ್ತಮ್ಮ ಬೇಲಿಯಾಚೆಯ ಚಪ್ಪಡಿಕಲ್ಲಿನ ಮೇಲೆ ತಟ್ಟೆ ತಂದಿಟ್ಟಳು. ಒಂದು. ಮತ್ತೆ ಹೋಗಿ ಇನ್ನೊಂದು. ಮೂರನೆಯದನ್ನು ಇಡುವಾಗ ಮುದ್ದೆ ಜಾರಿ ಸಾರು ಚೆಲ್ಲಿತು. ಯಾರನ್ನೋ ಬೈದುಕೊಳ್ಳುತ್ತ ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ, ತನ್ನ ತಟ್ಟೆಯನ್ನೂ ಹಿಡಿದುಕೊಂಡು ಬಂದು, ಬೇಲಿಗೆ ಬೆನ್ನು ಹಾಕಿ, ಒಳಮಗ್ಗುಲಲ್ಲಿ ಕೂತಳು.