ಬಾಯಲ್ಲಿ ಪೆಪ್ಪರ್‌ಮಿಂಟು

ಹಳೆಯ ಕಾವ್ಯಗಳನ್ನು ಪ್ರಶ್ನೆ ಕೇಳಿಯೇ ಕಲಿಸುವ ಶಾಲೆ ಅದು. ಹೊಸ ಟೀಚರಿಗೋ ಉತ್ತರವನ್ನೂ ತಾನೇ ಹೇಳಿಬಿಡುವ ಚಟ. ಇವತ್ತು ತರಬೇತಿಯ ಕೊನೆಯ ಪಾಠ. ಇದರಲ್ಲೂ ಬಾಯಿಬಿಟ್ಟರೆ ಕೆಲಸ ಸಿಗುವುದಿಲ್ಲ.

ಬಾಗಿಲಲ್ಲೇ ಹಿರಿಯ ಮೇಡಂ ಅವಳ ಕೈಗೊಂದು ಪೆಪ್ಪರ್‌ಮಿಂಟು ತುರುಕಿದರು. “ಪ್ರಶ್ನೆ ಕೇಳಿದ ತಕ್ಷಣ ಬಾಯಿಗೆ ಹಾಕ್ಕೋ. ಕರಗೋವರೆಗೂ ತುಟಿ ಪಿಟಕ್ ಅನ್ನಬಾರದು.”

“ಅಗಿದುಬಿಟ್ರೆ ಮೇಡಂ?”

“ಅಗಿದ್ರೆ ಸೀದಾ ಮನೆಗೆ ಹೋಗ್ತೀಯ ತಾಯಿ!”

ತರಗತಿಯಲ್ಲಿ ಯುದ್ಧದ ಪದ್ಯ ಓದಿ ಮುಗಿಸಿ, “ಗೆದ್ದ ರಾಜ ಯಾಕೆ ಅತ್ತ?” ಎಂದು ಕೇಳಿದವಳೇ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು. ತರಗತಿ ಗಪ್‌ಚುಪ್. ಉತ್ತರ ನಾಲಿಗೆ ತುದಿಯಲ್ಲೇ ಕುಣಿಯುತ್ತಿತ್ತು. ತುಟಿ ಬಿಗಿಹಿಡಿದು ನಿಂತಳು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದಳು.

“ಸತ್ತೋನು ಅವನ ಅಣ್ಣ ಅಲ್ವಾ ಮಿಸ್?”

“ಅಣ್ಣ ಆದ್ರೇನು, ಮೋಸ ಮಾಡಿದ್ನಲ್ಲ!” ಎಂದ ಇನ್ನೊಬ್ಬ.

ಇಡೀ ತರಗತಿ ವಾದಕ್ಕಿಳಿಯಿತು. ಹಿಂದೆ ಕೂತಿದ್ದ ಹಿರಿಯ ಮೇಡಂ ನಗುತ್ತಾ ಎದ್ದರು. “ನಾಳೆಯಿಂದ ಈ ಗಲಾಟೆ ಎಲ್ಲಾ ನಿಂದೇ ಕಣಮ್ಮ.”