ಸುಣ್ಣ ಬಳಿದ ಗೋಡೆ

ಚಿಕ್ಕಂದಿನ ವಾಸನೆ ಎಂದರೆ ನನಗೆ ಮೊದಲು ನೆನಪಾಗುವುದು ನಮ್ಮ ಮನೆಯ ಹಿಂದಿದ್ದ ಕಾಲುವೆ. ಊರಿನ ಮಲಗುಂಡಿಗಳನ್ನೆಲ್ಲ ಬರಿದು ಮಾಡಿ ತಂದು ಸುರಿಯುತ್ತಿದ್ದುದು ಅಲ್ಲಿಗೇ. ಬಿಸಿಲೇರಿದಂತೆ ಆ ವಾಸನೆ ಒಳಗೆ ಬಂದು, ಒಗೆದು ಮಡಿಚಿಟ್ಟ ಬಟ್ಟೆಯಲ್ಲೂ ಕೂತುಬಿಡುತ್ತಿತ್ತು. ಆದರೂ ಮಲದ ಗಾಡಿಯವನು ಹಿತ್ತಿಲ ದಾರಿಯಲ್ಲಿ ಹೋಗುವಾಗ ಅಮ್ಮ ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ. "ಅವನು ಆ ಕಡೆ ದಾಟಲಿ, ಆಮೇಲೆ ಮುಚ್ಚು. ಮುಖಕ್ಕೆ ಹೊಡೆದ ಹಾಗೆ ಮುಚ್ಚಬಾರದು" ಎನ್ನುತ್ತಿದ್ದಳು. ನಾನೂ ತಮ್ಮನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ಆ ತಮ್ಮನೇ ಈಗ ಊರಾಚೆಯ ಶುದ್ಧೀಕರಣ ಘಟಕ ನೋಡಿಕೊಳ್ಳುತ್ತಾನೆ. ಸುತ್ತಲಿನ ಹಳ್ಳಿಗಳ ಗುಂಡಿಗಳಿಂದ ಎತ್ತಿದ್ದನ್ನು ಟ್ಯಾಂಕರ್ ಅಲ್ಲಿಗೆ ತರುತ್ತದೆ. ಮರಳು ಹಾಸಿದ ತೊಟ್ಟಿಗಳಿಗೆ ಬಿಟ್ಟರೆ ನೀರು ಕೆಳಗೆ ಸೋಸಿಹೋಗುತ್ತದೆ, ಮೇಲೆ ಉಳಿದದ್ದು ಒಣಗಿ ಗೊಬ್ಬರವಾಗುತ್ತದೆ. ಆಗಬೇಕಾದದ್ದು ಹಾಗೆ. ಆದರೆ ತೊಟ್ಟಿಗಳಿಗೆ ವಯಸ್ಸಾಗಿತ್ತು, ನನ್ನ ಮೊಣಕಾಲುಗಳ ಹಾಗೆ. ದೊಡ್ಡ ತೊಟ್ಟಿಯ ಗೋಡೆ ಸೀಳಿಹೋಗಿ, ಕಪ್ಪು ನೀರು ಕೆಳಗಿನ ಬೀದಿಯ ಬಾವಿಯ ಕಡೆಗೆ ಜಿನುಗತೊಡಗಿತ್ತು.

ಹಳ್ಳಿಗಳ ಇಂಥ ಘಟಕಗಳನ್ನು ಸುಧಾರಿಸಲು ಸರ್ಕಾರ ಹಣ ಕೊಡುತ್ತದೆಂದು ತಿಳಿದು ಊರಿನ ಪಂಚಾಯ್ತಿ ಅಧ್ಯಕ್ಷರು ಅರ್ಜಿ ಹಾಕಿದ್ದರು. ಇಂಜಿನಿಯರ್ ಬಂದು ನೋಡಿ, ಯಾವ ಊರಿಗೆ ಮೊದಲು ಬೇಕೆಂದು ಹೇಳಬೇಕು. ಈ ಸಲ ತಪ್ಪಿದರೆ ಘಟಕಕ್ಕೆ ಬೀಗ. ಟ್ಯಾಂಕರ್ ಮತ್ತೆ ಕಾಲುವೆಯ ದಾರಿ ಹಿಡಿಯುತ್ತದೆ. ತಮ್ಮ ಇದನ್ನು ನನಗೊಬ್ಬಳಿಗೇ ಹೇಳಿದ್ದ.

"ಅವಳಿಗೆ ಹೇಳ್ಬೇಡ ಅಕ್ಕ. ಹೇಳಿದ್ರೆ ಅವಳೂ ನಿದ್ದೆ ಮಾಡಲ್ಲ, ನನ್ನನ್ನೂ ಮಾಡೋಕೆ ಬಿಡಲ್ಲ."

ಅವಳು ಎಂದರೆ ಅವನ ಹೆಂಡತಿ. ಯಾರೋ ಘಟಕ ನೋಡಲು ಬರುತ್ತಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಬೀದಿಯಲ್ಲೆಲ್ಲ ಅವಳಿಗೆ ಬಿರುಗಾಳಿ ಎಂದೇ ಹೆಸರು. ಅವಳ ಮನೆಯಲ್ಲಿ ಚಮಚ ಕೂಡ ಸಾಲು ಬಿಟ್ಟು ಮಲಗುವುದಿಲ್ಲ. ತಮ್ಮ ಕೆಲಸ ಮುಗಿಸಿ ಬಂದರೆ ಹಿಂಬಾಗಿಲಲ್ಲಿ ಬಕೆಟ್ಟು, ಸೋಪು, ಬೇರೆ ಬಟ್ಟೆ ಕಾದಿರುತ್ತವೆ. ತಲೆ ಒದ್ದೆಯಾಗಿದೆಯೋ ಇಲ್ಲವೋ ಮುಟ್ಟಿ ನೋಡಿಯೇ ಅವಳು ತಟ್ಟೆ ಇಡುವುದು. ಘಟಕದ ಗೇಟಿನೊಳಗೆ ಊಟ ಹೋದದ್ದೇ ಇಲ್ಲ.

ಇಂಜಿನಿಯರ್ ಬರುವ ಹಿಂದಿನ ದಿನ ಟ್ಯಾಂಕರಿನ ಪಂಪು ಕೈಕೊಟ್ಟಿತು. ರಿಪೇರಿಗೆಂದು ತಮ್ಮ ಪೇಟೆಗೆ ಹೊರಟ. ನಾನೂ ಡಾಕ್ಟರಿಗೆ ಕಣ್ಣು ತೋರಿಸಿಕೊಳ್ಳಲು ಟ್ಯಾಂಕರನ್ನೇ ಹತ್ತಿದೆ. "ಕಾಲೇಜು ಓದಿದ ಅಕ್ಕ, ಸವಾರಿ ನೋಡಿ ಹೇಗಿದೆ!" ಎಂದು ಡ್ರೈವರ್ ನಕ್ಕ. ಆದರೂ ಸೀಟಿನ ಮೇಲೆ ತನ್ನ ಒಗೆದ ಟವೆಲ್ ಹಾಸಿಕೊಟ್ಟ.

ರಾತ್ರಿ ಪೇಟೆಯಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಘಟಕದ ಗೇಟು ದಾಟಿದವನೇ ತಮ್ಮ ನಿಂತುಬಿಟ್ಟ. ಹಿಂದೆಯೇ ಇದ್ದ ನಾನು ಅವನ ಬೆನ್ನಿಗೆ ಡಿಕ್ಕಿ ಹೊಡೆದೆ. ದೊಡ್ಡ ತೊಟ್ಟಿಯ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಸೀಳಿಗೆ ಮಣ್ಣು ಮೆತ್ತಿ ಮೇಲೆ ಸುಣ್ಣ ಬಳಿದಿದ್ದರು. ನೀರು ಜಿನುಗುತ್ತಿದ್ದ ಕಡೆ ಒಣಮಣ್ಣು ಹರಡಿ, ಹೂವಿನ ಕುಂಡಗಳನ್ನು ಜೋಡಿಸಿದ್ದರು. ಎಲ್ಲಿ ಮೂಸಿದರೂ ಫಿನಾಯಿಲ್.

ಪಕ್ಕದ ಮನೆಯ ಹೆಂಗಸರ ನಡುವೆ ಬಿರುಗಾಳಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಹೇಗಿದೆ ರೀ? ಇಲ್ಲೇ ಮದುವೆ ಮಾಡ್ಬಹುದು!"

"ಗಂಡಿನ ಕಡೆಯವ್ರು ಟ್ಯಾಂಕರಲ್ಲಿ ಬರ್ಲಿ" ಎಂದಳು ಒಬ್ಬಳು. ಎಲ್ಲರೂ ಗೊಳ್ಳೆಂದರು.

ತಮ್ಮ ಗೋಡೆ ನೋಡಿದ. ಅವಳ ಕೂದಲಲ್ಲಿ ಅಂಟಿದ್ದ ಸುಣ್ಣದ ಚುಕ್ಕೆಗಳನ್ನು ನೋಡಿದ. ಸುಣ್ಣಕ್ಕೆ ಬೆಂದು ಅವಳ ಬೆರಳುಗಳು ಕೆಂಪಾಗಿದ್ದವು.

"ಚೆನ್ನಾಗಿದೆ" ಎಂದ.

ಅಷ್ಟರಲ್ಲಿ ಜೀಪು ಬಂತು. ಇಂಜಿನಿಯರ್ ಜೊತೆ ಅಧ್ಯಕ್ಷರೂ ಇಳಿದರು. ಇಂಜಿನಿಯರ್ ಸಣ್ಣ ವಯಸ್ಸಿನವನು, ಮೃದು ಮಾತಿನವನು. ಒಂದು ಸುತ್ತು ಬಂದು ಗೋಡೆಯ ಮುಂದೆ ನಿಂತ.

"ಬಿರುಕು ಅಂದಿದ್ರಲ್ಲ, ಎಲ್ಲಿ? ಮುಚ್ಚಿಬಿಟ್ರಾ?"

ಅಧ್ಯಕ್ಷರು ಕಣ್ಣು ಕಣ್ಣು ಬಿಟ್ಟರು. ತಮ್ಮ ಬಾಯಿ ತೆರೆದ. ಎದುರಿಗೇ ಹೆಂಡತಿ, ಅವಳ ಸುತ್ತ ಬೀದಿಯ ಹೆಂಗಸರು, ಎಲ್ಲರ ಮುಖದಲ್ಲೂ ನಗು. ಅವನು ಬಾಯಿ ಮುಚ್ಚಿದ. ಹೇಳಹೊರಟ ನನ್ನನ್ನೂ ಬೇಡವೆಂದು ಕಣ್ಣಲ್ಲೇ ತಡೆದ.

"ಒಳ್ಳೇದಾಯ್ತು ಬಿಡಿ" ಎಂದ ಇಂಜಿನಿಯರ್. "ಇಷ್ಟು ನೀಟಾಗಿ ಇಟ್ಕೊಂಡಿರೋ ಜಾಗ ನಾನು ನೋಡೇ ಇಲ್ಲ. ನಿಮಗೆ ಅವಸರವಿಲ್ಲ. ಇನ್ನೂ ಕೆಟ್ಟಿರೋ ಊರುಗಳಿವೆ, ಹಣ ಮೊದಲು ಅಲ್ಲಿಗೆ ಹೋಗ್ಲಿ."

ಬಿರುಗಾಳಿ ನನ್ನ ಕಿವಿಯ ಹತ್ತಿರ ಬಂದಳು. "ಅಕ್ಕ, ಇವ್ರು ಹೊಗಳ್ತಿದ್ದಾರೋ, ಬೈತಿದ್ದಾರೋ?"

"ಹೊಗಳ್ತಿದ್ದಾರೆ ಕಣೆ. ಅದೇ ಈಗ ಬಂದಿರೋ ತೊಂದರೆ." ತಮ್ಮ ತಡೆದಿದ್ದರೂ ನಾನು ಮೆಲ್ಲಗೆ ಎಲ್ಲವನ್ನೂ ಹೇಳಿದೆ: ಹಣ, ಬೀಗ, ಕಾಲುವೆ.

ಅವಳ ಮುಖ ಗೋಡೆಯಷ್ಟೇ ಬೆಳ್ಳಗಾಯಿತು. "ನಂಗೆ ಒಂದ್ ಮಾತು ಹೇಳ್ಲಿಲ್ವಲ್ಲ ಇವ್ರು" ಎಂದಳು. ಗಂಡನ ಕಡೆ ನೋಡಿದಳು. ಅವನು ಬಗ್ಗಿ, ಕುಂಡವೊಂದರಲ್ಲಿ ವಾಲಿದ್ದ ಗಿಡವನ್ನು ನೆಟ್ಟಗೆ ಮಾಡುತ್ತಿದ್ದ, ಬೇರೇನೂ ಕೆಲಸವೇ ಇಲ್ಲದವನ ಹಾಗೆ.

ಇಂಜಿನಿಯರ್ ಆಗಲೇ ಜೀಪಿನ ಕಡೆ ತಿರುಗಿದ್ದ.

"ಸಾರ್, ನಿಲ್ಲಿ! ಹೋಗ್ಬೇಡಿ!"

ಬಿರುಗಾಳಿ ಕುಂಡಗಳನ್ನು ಪಕ್ಕಕ್ಕೆ ಎಳೆದು, ಸಲಿಕೆಯ ತುದಿಯನ್ನು ಗೋಡೆಗೆ ತೂರಿಸಿ ಮೀಟಿದಳು. ತಾನೇ ಮೆತ್ತಿದ್ದ ಮಣ್ಣು ಹೆಂಟೆಯಾಗಿ ಬಿತ್ತು. ಹಿಂದೆಯೇ ಕಪ್ಪು ನೀರು ಬಿಳಿ ಗೋಡೆಯ ಮೇಲೆ ಇಳಿದು ಅವಳ ಪಾದಗಳ ಮೇಲೆ ಹರಿಯಿತು. ಜೊತೆಗೆ ವಾಸನೆ. ನಮ್ಮ ಹಿತ್ತಿಲ ಕಾಲುವೆಯ ಅದೇ ವಾಸನೆ, ಇಷ್ಟು ವರ್ಷಗಳ ಮೇಲೂ ಒಂದಿಷ್ಟೂ ಬದಲಾಗದೆ. ಹೆಂಗಸರೆಲ್ಲ ಹಿಂದೆ ಸರಿದರು.

"ಇವ್ರು ಊರಲ್ಲಿರ್ಲಿಲ್ಲ ಸಾರ್. ಮೆತ್ತಿದ್ದು ನಾನು. ಬರೋರ ಮುಂದೆ ಇವ್ರ ಮರ್ಯಾದೆ ಹೋಗ್ಬಾರ್ದು ಅಂತ ಮಾಡಿದೆ. ಇನ್ನೂ ಕೆಟ್ಟಿರೋ ಊರು ಅಂದ್ರಲ್ಲ, ಇದೇ ಸಾರ್ ಅದು."

ಇಂಜಿನಿಯರನ ಕೈ ಕರ್ಚೀಫಿಗೆಂದು ಜೇಬಿಗೆ ಹೋಯಿತು. ಅವಳು ಆ ನೀರಿನಲ್ಲೇ ನಿಂತಿರುವುದನ್ನು ನೋಡಿದ. ಕೈ ಬರಿದಾಗಿಯೇ ಹೊರಗೆ ಬಂತು. ಅಮ್ಮ ನೋಡಿದ್ದರೆ ಈ ಹುಡುಗ ಅವಳಿಗೆ ಇಷ್ಟವಾಗುತ್ತಿದ್ದ.

ಅವನು ಕುಕ್ಕರಗಾಲಲ್ಲಿ ಕೂತು ಸೀಳಿನೊಳಗೆ ಟಾರ್ಚು ಬಿಟ್ಟು ನೋಡಿದ. ನೀರು ಹರಿದ ದಾರಿ ಹಿಡಿದು ಕೆಳಗಿನ ಬೀದಿಯ ಬಾವಿಯ ತನಕ ನಡೆದುಹೋಗಿ ಬಂದ.

"ಇದನ್ನ ಮೊದಲೇ ತೋರಿಸ್ಬಾರ್ದಿತ್ತೇನಮ್ಮ?"

"ತೋರಿಸಿದ್ರೆ ನೀವು ನಾಲ್ಕು ಊರಲ್ಲಿ ಹೇಳ್ಕೊಂಡು ಬರ್ತಿರ್ಲಿಲ್ವಾ, ಅಲ್ಲಿನ ಹೆಂಗಸು ಗಲೀಜು ಅಂತ?"

ಅವನು ಜೋರಾಗಿ ನಕ್ಕ. "ಈಗ ಒಂದೇ ಮಾತು ಹೇಳ್ತೀನಿ, ಈ ಗೋಡೆಯೇ ಮೊದಲ ಕೆಲಸ ಅಂತ. ಹಣ ಕೊಡೋರು ಮೇಲಿನವ್ರು, ಆದ್ರೆ ನನ್ನ ಮಾತು ಕೇಳ್ತಾರೆ. ಮತ್ತೆ, ಫಿನಾಯಿಲ್ ಸುರೀಬೇಡಿ ತಾಯಿ. ಕೊಳೆ ತಿನ್ನೋ ಕ್ರಿಮಿಗಳು ನಮ್ಮ ಕಡೆಯವು, ಸತ್ತುಹೋಗ್ತವೆ."

ಆಮೇಲೆ ಹಣ ಬಂತು, ಹೊಸ ಗೋಡೆಯೂ ಎದ್ದಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಮಧ್ಯಾಹ್ನ.

ಬಂದವರೆಲ್ಲ ಅಧ್ಯಕ್ಷರ ಮನೆಗೆ ಊಟಕ್ಕೆ ಹೋದರು. ತಮ್ಮ ಹೋಗಲಿಲ್ಲ. ಸೀಳಿನ ಮುಂದೆ ಮರಳಿನ ಚೀಲ ಒಟ್ಟಿ ನೀರು ಕಟ್ಟಬೇಕಿತ್ತು. ನಾನು ಗೇಟಿನ ಬಳಿ ನೆರಳಲ್ಲಿ ಕೂತಿದ್ದೆ. ಚೀಲಗಳೆಲ್ಲ ಮುಗಿದ ಮೇಲೆ ಅವನು ಅವುಗಳ ಪಕ್ಕದಲ್ಲೇ ಕುಸಿದ ಹಾಗೆ ಕೂತ. ಬಟ್ಟೆಯೆಲ್ಲ ಕೆಸರು.

ಬಿರುಗಾಳಿ ಗೇಟಿನೊಳಗೆ ಬಂದಳು, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಊಟದ ಡಬ್ಬಿ. ಅವಳನ್ನು ನೋಡಿ ಅವನು ಗಡಬಡಿಸಿ ಎದ್ದ.

"ಇಲ್ಲಿಗ್ಯಾಕೆ ತಂದೆ? ನಡಿ, ಸ್ನಾನ ಮಾಡ್ಕೊಂಡೇ ಬರ್ತೀನಿ."

ಅವಳು ಅವನ ಭುಜ ಹಿಡಿದು ಮತ್ತೆ ಕೂರಿಸಿ, ಕೈಗೆ ನೀರು ಹಾಕಿದಳು. ಪಕ್ಕದ ಚೀಲದ ಮೇಲೆ ತಾನೂ ಕೂತು, ಮುಚ್ಚಳ ತೆಗೆದು, ಡಬ್ಬಿಯನ್ನು ಅವನ ಕೈಗೆ ಕೊಟ್ಟಳು.